ಕೋರ್ಟಿನಿಂದ ಸಂಸತ್ತಿಗೆ: ಕೆ.ಎಸ್. ಹೆಗ್ಡೆ ನಡೆದ ದಾರಿ, ಸಂವಿಧಾನ ಹಾಕಿದ ಗೆರೆ

ನ್ಯಾಯಾಧೀಶರೊಬ್ಬರು ಸಂಸದರಾದರು ಎಂಬ ಸುದ್ದಿ ಬಂದಾಗಲೆಲ್ಲ ಎರಡು ಪ್ರಶ್ನೆ ಏಳುತ್ತವೆ. ಕಾನೂನಿನಲ್ಲಿ ಇದಕ್ಕೆ ಅವಕಾಶ ಇದೆಯಾ? ಇದ್ದರೂ ಇದು ಸರಿಯಾ? ಮೊದಲ ಪ್ರಶ್ನೆಗೆ ಉತ್ತರ ಒಂದೇ ಮಾತು: ಇದೆ. ಎರಡನೆಯದಕ್ಕೆ ಉತ್ತರ ಹುಡುಕುವಾಗ ಜನ ಸಾಮಾನ್ಯವಾಗಿ ಈಚಿನ ಹೆಸರುಗಳನ್ನೇ ಹಿಡಿದು ಜಗಳ ಆಡುತ್ತಾರೆ. ನನಗನಿಸುವ ಪ್ರಕಾರ ಇದನ್ನು ಅರ್ಥ ಮಾಡಿಕೊಳ್ಳಲು ಕಾರ್ಕಳ ತಾಲ್ಲೂಕಿನ ಕೌಡೂರಿನ ಸದಾನಂದ ಹೆಗ್ಡೆಯವರ ಬದುಕಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಅವರು ಈ ಗಡಿಯನ್ನು ಒಮ್ಮೆ ಅಲ್ಲ, ಎರಡು ಸಲ ದಾಟಿದವರು. ಸಂಸತ್ತಿನಿಂದ ಕೋರ್ಟಿಗೆ ಹೋದರು. ಆಮೇಲೆ ಕೋರ್ಟಿನಿಂದ ಸಂಸತ್ತಿಗೆ ವಾಪಸ್ ಬಂದರು.

ಹುಟ್ಟಿದ್ದು 1909ರಲ್ಲಿ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಓದು, ಆಮೇಲೆ ಮದ್ರಾಸಿನಲ್ಲಿ ಕಾನೂನು. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಊರ ಕಡೆಯ ಕೋರ್ಟುಗಳಲ್ಲಿ ವಕೀಲಿಕೆ ಮಾಡುತ್ತ ಸರ್ಕಾರಿ ವಕೀಲರೂ, ಪಬ್ಲಿಕ್ ಪ್ರಾಸಿಕ್ಯೂಟರೂ ಆದರು. ಕಾಂಗ್ರೆಸ್ಸಿನಲ್ಲಿದ್ದರು. 1952ರಲ್ಲಿ ರಾಜ್ಯಸಭೆ ಶುರುವಾದಾಗ ಮದ್ರಾಸ್ ರಾಜ್ಯದಿಂದ ಆಯ್ಕೆಯಾದರು.

ವಕೀಲರು ಸಂಸದರಾಗುವುದಕ್ಕೆ ನಮ್ಮಲ್ಲಿ ಯಾವ ಅಡ್ಡಿಯೂ ಇಲ್ಲ. ಸಂಸದರಾದ ಮೇಲೆ ಕರಿ ಕೋಟು ಬಿಚ್ಚಿಡಬೇಕು ಅಂತಲೂ ಇಲ್ಲ. ಸಂಸದರು, ಶಾಸಕರು ವಕೀಲಿಕೆ ಮುಂದುವರಿಸುವುದನ್ನು ನಿಲ್ಲಿಸಬೇಕು ಎಂಬ ಅರ್ಜಿಯೊಂದು ಸುಪ್ರೀಂ ಕೋರ್ಟಿಗೆ ಬಂದಿತ್ತು. 2018ರಲ್ಲಿ ಕೋರ್ಟು ಅದನ್ನು ಒಪ್ಪಲಿಲ್ಲ. ಪೂರ್ಣಾವಧಿಯ ಸಂಬಳದ ನೌಕರರು ವಕೀಲಿಕೆ ಮಾಡಬಾರದು ಎಂಬ ನಿಯಮ ಬಾರ್ ಕೌನ್ಸಿಲಿನಲ್ಲಿದೆ, ಆದರೆ ಜನಪ್ರತಿನಿಧಿ ಯಾರ ನೌಕರನೂ ಅಲ್ಲ ಎಂಬುದು ಅದರ ವಾದ. ಹಾಗಾಗಿ ಬೆಳಿಗ್ಗೆ ಸುಪ್ರೀಂ ಕೋರ್ಟಿನಲ್ಲಿ ವಾದ, ಮಧ್ಯಾಹ್ನ ರಾಜ್ಯಸಭೆಯಲ್ಲಿ ಭಾಷಣ, ಇದು ದೆಹಲಿಯಲ್ಲಿ ಮಾಮೂಲಿ.

ನ್ಯಾಯಾಧೀಶರ ಮಾತು ಬೇರೆ. ಕುರ್ಚಿಯಲ್ಲಿ ಕೂತಿರುವಷ್ಟು ದಿನ ಅವರದ್ದು ಸಂಬಳ, ಸವಲತ್ತು ಬರುವ ‘ಲಾಭದಾಯಕ ಹುದ್ದೆ’. ಸಂವಿಧಾನದ 102ನೇ ವಿಧಿಯ ಪ್ರಕಾರ ಅಂಥ ಹುದ್ದೆಯಲ್ಲಿದ್ದವರು ಸಂಸದರಾಗುವಂತಿಲ್ಲ. ಅಂದರೆ ಒಂದನ್ನು ಬಿಟ್ಟೇ ಇನ್ನೊಂದನ್ನು ಹಿಡಿಯಬೇಕು. 1957ರಲ್ಲಿ ಹೆಗ್ಡೆಯವರು ಅದನ್ನೇ ಮಾಡಿದರು, ಆದರೆ ಉಲ್ಟಾ ದಿಕ್ಕಿನಲ್ಲಿ. ಅದಕ್ಕೆ ಹಿಂದಿನ ವರ್ಷದ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತ್ತು. ಹೆಗ್ಡೆಯವರು ರಾಜ್ಯಸಭೆಗೆ ರಾಜೀನಾಮೆ ಕೊಟ್ಟು ಮೈಸೂರು ಹೈಕೋರ್ಟಿನ ನ್ಯಾಯಾಧೀಶರಾದರು. 10 ವರ್ಷ ವಕೀಲಿಕೆ ಮಾಡಿದವರು ಹೈಕೋರ್ಟಿನ ನ್ಯಾಯಾಧೀಶರಾಗಬಹುದು ಎನ್ನುತ್ತದೆ 217ನೇ ವಿಧಿ. ನಡುವೆ ಸಂಸದರಾಗಿದ್ದರೆ ಅನರ್ಹ ಅಂತ ಎಲ್ಲೂ ಇಲ್ಲ.

ಇವತ್ತು ಆಡಳಿತ ಪಕ್ಷದ ಸಂಸದರೊಬ್ಬರನ್ನು ನೇರವಾಗಿ ಹೈಕೋರ್ಟಿಗೆ ನೇಮಿಸಿದರೆ ಟಿ.ವಿ.ಯಲ್ಲಿ ಒಂದು ವಾರ ಅದೇ ಗಲಾಟೆ, ಅಲ್ವಾ? ಆ ಗಲಾಟೆಯಲ್ಲಿ ತಪ್ಪೂ ಇಲ್ಲ. ಆದರೆ ಪಕ್ಷದಿಂದ ಬಂದವರು ಪಕ್ಷದ ಪರವಾಗಿಯೇ ತೀರ್ಪು ಕೊಡುತ್ತಾರೆ ಎಂಬ ಲೆಕ್ಕ ಹೆಗ್ಡೆಯವರ ವಿಷಯದಲ್ಲಿ ಪೂರ್ತಿ ತಪ್ಪಿತು. ಕೇರಳದ ವಿ.ಆರ್. ಕೃಷ್ಣ ಅಯ್ಯರ್ ಇನ್ನೊಂದು ಉದಾಹರಣೆ. 1957ರಲ್ಲಿ ಇಎಂಎಸ್ ನಂಬೂದಿರಿಪಾದರ ಕಮ್ಯುನಿಸ್ಟ್ ಸರ್ಕಾರದಲ್ಲಿ ಮಂತ್ರಿಯಾಗಿದ್ದವರು ಮುಂದೆ ಸುಪ್ರೀಂ ಕೋರ್ಟಿನ ದೊಡ್ಡ ಹೆಸರಾದರು.

ಹೆಗ್ಡೆಯವರು 1966ರ ಅಕ್ಟೋಬರ್ 31ರಂದು ಆರಂಭವಾದ ದೆಹಲಿ ಹೈಕೋರ್ಟಿನ ಮೊದಲ ಮುಖ್ಯ ನ್ಯಾಯಮೂರ್ತಿಯಾದರು. ಮರುವರ್ಷ ಜುಲೈನಲ್ಲಿ ಸುಪ್ರೀಂ ಕೋರ್ಟಿಗೆ ಬಂದರು. ಅಲ್ಲಿ ಅವರು ಬರೆದ ತೀರ್ಪುಗಳಲ್ಲಿ ಒಂದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಲೇಬೇಕು. ಮುಂದೆ ಅದು ಬೇರೆ ಕಾರಣಕ್ಕೆ ನೆನಪಾಗುತ್ತದೆ.

ಭಾರತೀಯ ಅರಣ್ಯ ಸೇವೆ ಶುರುವಾದಾಗ ರಾಜ್ಯಗಳಲ್ಲಿದ್ದ ಅಧಿಕಾರಿಗಳಲ್ಲಿ ಕೆಲವರನ್ನು ಆರಿಸಿ ಆ ಸೇವೆಗೆ ತೆಗೆದುಕೊಳ್ಳಬೇಕಿತ್ತು. ಜಮ್ಮು-ಕಾಶ್ಮೀರದ ಆಯ್ಕೆ ಸಮಿತಿಯಲ್ಲಿ ಅಲ್ಲಿನ ಹಂಗಾಮಿ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ ಕೂತಿದ್ದರು. ತಮಾಷೆ ಏನೆಂದರೆ ಅವರೇ ಒಬ್ಬ ಅಭ್ಯರ್ಥಿ ಕೂಡ. ತಮ್ಮ ಹೆಸರು ಚರ್ಚೆಗೆ ಬಂದಾಗ ಅವರು ಸಮಿತಿಯಲ್ಲಿ ಕೂರಲಿಲ್ಲ. ಆದರೆ ತಮ್ಮ ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಕೂತಿದ್ದರು. ಪಟ್ಟಿ ಹೊರಬಂದಾಗ ಅವರ ಹೆಸರೇ ಮೊದಲು. ಬಿಟ್ಟುಹೋದವರು ಕೋರ್ಟಿಗೆ ಹೋದರು. ಇದು ಕ್ರೈಪಕ್ ಪ್ರಕರಣ.

ಇದು ಬರೀ ಆಡಳಿತದ ಕೆಲಸ, ಕೋರ್ಟಿನ ಕೆಲಸದಂಥದ್ದಲ್ಲ, ಹಾಗಾಗಿ ಸಹಜ ನ್ಯಾಯದ ನಿಯಮ ಇಲ್ಲಿಗೆ ಹೊಂದುವುದಿಲ್ಲ ಎಂದು ಸರ್ಕಾರದ ಕಡೆಯವರು ವಾದಿಸಿದರು. 1969ರಲ್ಲಿ ಐವರ ಪೀಠದ ಪರವಾಗಿ ತೀರ್ಪು ಬರೆದ ಹೆಗ್ಡೆಯವರು ಆ ವಾದ ಒಪ್ಪಲಿಲ್ಲ. ಆಡಳಿತದ ಅಧಿಕಾರಕ್ಕೂ ನ್ಯಾಯ ಹೇಳುವ ಅಧಿಕಾರಕ್ಕೂ ನಡುವಿನ ಗೆರೆ ತೆಳುವಾಗುತ್ತ ಬಂದಿದೆ ಎಂದರು. ತನ್ನ ವ್ಯಾಜ್ಯಕ್ಕೆ ತಾನೇ ತೀರ್ಪುಗಾರ ಆಗುವಂತಿಲ್ಲ. ಆ ಅಧಿಕಾರಿ ನಿಜವಾಗಿಯೂ ಪಕ್ಷಪಾತ ಮಾಡಿದರೋ ಇಲ್ಲವೋ ಎಂದು ಸಾಬೀತು ಮಾಡಬೇಕಿಲ್ಲ, ಪಕ್ಷಪಾತ ಆಗುವ ಸಾಧ್ಯತೆ ನ್ಯಾಯವಾಗಿ ಕಂಡರೆ ಸಾಕು. ಇಡೀ ಆಯ್ಕೆಯನ್ನೇ ಕೋರ್ಟು ರದ್ದು ಮಾಡಿತು. ಕಾನೂನು ಓದುವ ಹುಡುಗರಿಗೆ ಇವತ್ತಿಗೂ ಇದು ಪಾಠ.

ಆ ವರ್ಷಗಳಲ್ಲಿ ಇಂದಿರಾ ಗಾಂಧಿ ಸರ್ಕಾರಕ್ಕೂ ಸುಪ್ರೀಂ ಕೋರ್ಟಿಗೂ ಜಟಾಪಟಿ ನಡೆದಿತ್ತು. ಬ್ಯಾಂಕ್ ರಾಷ್ಟ್ರೀಕರಣದ ಕಾನೂನನ್ನು 1970ರ ಫೆಬ್ರವರಿಯಲ್ಲಿ 11 ಮಂದಿಯ ಪೀಠ ರದ್ದು ಮಾಡಿತು. ಹತ್ತು ಮಂದಿ ಒಂದು ಕಡೆ, ಅದರಲ್ಲಿ ಹೆಗ್ಡೆಯವರೂ ಒಬ್ಬರು. ಇನ್ನೊಂದು ಕಡೆ ಎ.ಎನ್. ರೇ ಒಬ್ಬರೇ. 1972ರಲ್ಲಿ ಇನ್ನೊಂದು ತೀರ್ಪು. ರಾಯಬರೇಲಿಯಲ್ಲಿ ಇಂದಿರಾ ಗೆದ್ದದ್ದನ್ನು ಪ್ರಶ್ನಿಸಿ ರಾಜ್ ನಾರಾಯಣ್ ಹೂಡಿದ್ದ ದಾವೆಯ ಒಂದು ತಕರಾರು ಸುಪ್ರೀಂ ಕೋರ್ಟಿಗೆ ಬಂದಾಗ ಹೆಗ್ಡೆಯವರ ಪೀಠ ರಾಜ್ ನಾರಾಯಣ್ ಪರವಾಗಿ ನಿಂತಿತು. ಮೂಲ ದಾವೆ ಅಲಹಾಬಾದಿನಲ್ಲಿ ಮುಂದುವರಿಯಿತು. 1975ರ ಜೂನ್ 12ರಂದು ಬಂದ ಅದರ ತೀರ್ಪು ಇಂದಿರಾ ಅವರ ಆಯ್ಕೆಯನ್ನೇ ರದ್ದು ಮಾಡಿತು, ಆ ತಿಂಗಳಲ್ಲೇ ತುರ್ತು ಪರಿಸ್ಥಿತಿ ಬಂತು.

ಆಮೇಲೆ ಕೇಶವಾನಂದ ಭಾರತಿ ಪ್ರಕರಣ. ಎಡನೀರು ಮಠದ ಸ್ವಾಮೀಜಿ ಹೂಡಿದ್ದು. ಎಡನೀರು ಇರುವ ಕಾಸರಗೋಡು 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಯದೇ ಭಾಗ. ಅಂದರೆ ಹೆಗ್ಡೆಯವರ ಊರ ಕಡೆಯದೇ ಒಂದು ಮಠದ ಅರ್ಜಿ ಅವರ ಮುಂದೆ ಬಂದಿತ್ತು ಎನ್ನಬಹುದು. 13 ನ್ಯಾಯಾಧೀಶರು, 68 ದಿನದ ವಾದ. ಸಂವಿಧಾನವನ್ನು ತಿದ್ದುವ ಅಧಿಕಾರ ಸಂಸತ್ತಿಗೆ ಎಲ್ಲಿಯವರೆಗೆ ಇದೆ ಎಂಬುದೇ ಪ್ರಶ್ನೆ. ಹೆಗ್ಡೆ ಮತ್ತು ಮುಖರ್ಜಿಯಾ ಸೇರಿ ಒಂದೇ ತೀರ್ಪು ಬರೆದರು: ದೇಶದ ಸಾರ್ವಭೌಮತೆ, ಪ್ರಜಾಪ್ರಭುತ್ವ, ಏಕತೆ, ಜನರ ಸ್ವಾತಂತ್ರ್ಯದ ತಿರುಳು, ಇವನ್ನು ಸಂಸತ್ತು ಅಳಿಸಿ ಹಾಕುವಂತಿಲ್ಲ. ಕಲ್ಯಾಣ ರಾಜ್ಯ ಕಟ್ಟಬೇಕೆಂಬ ಆದೇಶವನ್ನೂ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಐದು ವರ್ಷ ಸಂಸತ್ತಿನಲ್ಲಿ ಕೂತು ಬಂದವರು ಸಂಸತ್ತಿನ ಅಧಿಕಾರಕ್ಕೆ ಮಿತಿ ಹಾಕಿದರು.

ತೀರ್ಪು ಬಂದದ್ದು 1973ರ ಏಪ್ರಿಲ್ 24ರಂದು, 7-6ರ ಅಂತರದಲ್ಲಿ. ಮುಖ್ಯ ನ್ಯಾಯಮೂರ್ತಿ ಸಿಕ್ರಿ ಅವರ ನಿವೃತ್ತಿಗೆ ಹೆಚ್ಚು ಹೊತ್ತು ಉಳಿದಿರಲಿಲ್ಲ. ಅವರ ನಂತರ ಹಿರಿತನದಲ್ಲಿ ಇದ್ದವರು ಕ್ರಮವಾಗಿ ಶೇಲತ್, ಹೆಗ್ಡೆ, ಗ್ರೋವರ್, ರೇ. ಸರ್ಕಾರ ಮೂವರನ್ನೂ ದಾಟಿ ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಆ ಮೂವರೂ ಬಹುಮತದ ಕಡೆ ಇದ್ದವರು, ರೇ ಅಲ್ಪಮತದ ಕಡೆ. ಮೂವರೂ ರಾಜೀನಾಮೆ ಕೊಟ್ಟು ಹೊರನಡೆದರು. ಸಂವಿಧಾನದಲ್ಲಿ ಹಿರಿಯರೇ ಮುಖ್ಯ ನ್ಯಾಯಮೂರ್ತಿ ಆಗಬೇಕು ಅಂತ ಬರೆದಿಲ್ಲ ಎಂಬುದು ನಿಜ. ಅದು ರೂಢಿ. ಅಂದಿನ ಕಾನೂನು ಮಂತ್ರಿ ಎಚ್.ಆರ್. ಗೋಖಲೆ ಬಾಂಬೆ ಹೈಕೋರ್ಟಿನ ನ್ಯಾಯಾಧೀಶರಾಗಿದ್ದವರು ಎಂಬುದು ಇಲ್ಲಿ ಸುಮ್ನೆ ಹೇಳಿಹೋಗುವ ಸಂಗತಿಯಲ್ಲ. ನ್ಯಾಯಾಧೀಶ ಸಂಸದನಾದ ಎಂದ ಮಾತ್ರಕ್ಕೆ ಆತ ಕೋರ್ಟಿನ ಪರ ನಿಲ್ಲುತ್ತಾನೆ ಎಂಬ ಲೆಕ್ಕವೂ ತಪ್ಪು.

ಸುಪ್ರೀಂ ಕೋರ್ಟಿನಿಂದ ಹೊರಬಂದವರಿಗೆ ಮುಂದೇನು ದಾರಿ? 124ನೇ ವಿಧಿಯ 7ನೇ ಖಂಡ ಒಂದು ಬಾಗಿಲು ಮುಚ್ಚುತ್ತದೆ: ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾಗಿದ್ದವರು ದೇಶದ ಯಾವ ಕೋರ್ಟಿನಲ್ಲೂ ವಕೀಲರಾಗಿ ನಿಲ್ಲುವಂತಿಲ್ಲ. ಹೈಕೋರ್ಟಿನವರಿಗೆ ಸ್ವಲ್ಪ ಸಡಿಲ. ಅವರು ಸುಪ್ರೀಂ ಕೋರ್ಟಿನಲ್ಲಿ, ತಾವು ಕೆಲಸ ಮಾಡದ ಬೇರೆ ಹೈಕೋರ್ಟುಗಳಲ್ಲಿ ವಾದಿಸಬಹುದು. ಆದರೆ ರಾಜಕೀಯದ ಬಾಗಿಲನ್ನು ಸಂವಿಧಾನ ಮುಚ್ಚಿಲ್ಲ. ಮಹಾಲೇಖಪಾಲರು (ಸಿಎಜಿ), ಲೋಕಸೇವಾ ಆಯೋಗದ ಅಧ್ಯಕ್ಷರು ಹುದ್ದೆ ಬಿಟ್ಟ ಮೇಲೆ ಸರ್ಕಾರಿ ಹುದ್ದೆ ಹಿಡಿಯುವುದಕ್ಕೆ ನಿರ್ಬಂಧ ಇದೆ. ನ್ಯಾಯಾಧೀಶರಿಗೆ ಅಂಥದ್ದು ಇಲ್ಲ.

ಮರೆತುಬಿಟ್ಟಿದ್ದಲ್ಲ. ಸಂವಿಧಾನ ಸಭೆಯಲ್ಲಿ ಕೆ.ಟಿ. ಶಾ ಅವರು ನ್ಯಾಯಾಧೀಶರಿಗೂ ಇಂಥ ನಿರ್ಬಂಧ ಬೇಕು ಎಂದು ತಿದ್ದುಪಡಿ ತಂದಿದ್ದರು. ಅಂಬೇಡ್ಕರ್ ಒಪ್ಪಲಿಲ್ಲ. ಕೋರ್ಟಿಗೆ ಬರುವ ವ್ಯಾಜ್ಯಗಳಲ್ಲಿ ಸರ್ಕಾರಕ್ಕೆ ಇರುವ ಆಸಕ್ತಿ ತೀರಾ ಕಡಿಮೆ, ಹಾಗಾಗಿ ಸರ್ಕಾರ ನ್ಯಾಯಾಧೀಶರ ಮೇಲೆ ಪ್ರಭಾವ ಬೀರುವ ಸಂಭವವೂ ಕಡಿಮೆ ಎಂಬುದು 1949ರಲ್ಲಿ ಅವರ ಎಣಿಕೆ. ಇವತ್ತಿಗೆ ಆ ಎಣಿಕೆ ನಿಲ್ಲುವುದಿಲ್ಲ. ಕೋರ್ಟುಗಳ ಅತಿ ದೊಡ್ಡ ಗಿರಾಕಿಯೇ ಈಗ ಸರ್ಕಾರ. 1958ರಲ್ಲೇ ಸೆಟಲ್ವಾಡ್ ಅಧ್ಯಕ್ಷತೆಯ ಕಾನೂನು ಆಯೋಗ ನಿವೃತ್ತಿಯ ನಂತರದ ಸರ್ಕಾರಿ ಹುದ್ದೆಗಳಿಗೆ ತಡೆ ಬೇಕು ಎಂದಿತ್ತು. ಸರ್ಕಾರಗಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಇನ್ನೊಂದು ಸೂಕ್ಷ್ಮ ಇದೆ, ಚರ್ಚೆಗಳಲ್ಲಿ ಜಾಸ್ತಿ ಜನ ಗಮನಿಸುವುದಿಲ್ಲ. ಸಂಸದ ಸ್ಥಾನ ಸರ್ಕಾರಿ ಹುದ್ದೆಯೇ ಅಲ್ಲ. ಹಾಗಾಗಿ ಸರ್ಕಾರಿ ಹುದ್ದೆಗೆ ತಡೆ ಹಾಕಿದರೂ ರಾಜ್ಯಸಭೆಗೋ ಲೋಕಸಭೆಗೋ ಹೋಗುವುದಕ್ಕೆ ಅದು ಅಡ್ಡ ಬರುವುದಿಲ್ಲ.

1977ರ ಮಾರ್ಚ್. ತುರ್ತು ಪರಿಸ್ಥಿತಿಯ ಕೊನೆಯ ದಿನಗಳಲ್ಲಿ ಚುನಾವಣೆ. ಬೆಂಗಳೂರು ದಕ್ಷಿಣದಿಂದ ಜನತಾ ಪಕ್ಷದ ಅಭ್ಯರ್ಥಿಯಾಗಿ ಹೆಗ್ಡೆ ನಿಂತರು, ಗೆದ್ದರು. ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋದರೂ ಕರ್ನಾಟಕದಲ್ಲಿ 28ರಲ್ಲಿ 26 ಸೀಟು ಅದಕ್ಕೇ ಬಂದಿದ್ದವು. ಉಳಿದ ಎರಡರಲ್ಲಿ ಒಂದು ಹಾಸನ, ಇನ್ನೊಂದು ಹೆಗ್ಡೆಯವರದ್ದು. ಸ್ಪೀಕರ್ ಆಗಿದ್ದ ನೀಲಂ ಸಂಜೀವ ರೆಡ್ಡಿ ರಾಷ್ಟ್ರಪತಿಯಾಗಲು ಹೊರಟಾಗ, ಜುಲೈ 21ರಂದು ಹೆಗ್ಡೆ ಲೋಕಸಭೆಯ ಸ್ಪೀಕರ್ ಆದರು.

ಸ್ಪೀಕರ್ ಕುರ್ಚಿ ನೋಡಲು ನ್ಯಾಯಪೀಠದ ಹಾಗೇ ಇದೆ. ಎತ್ತರದಲ್ಲಿ ಕೂರುವುದು, ಎರಡೂ ಕಡೆಯವರ ಮಾತು ಕೇಳುವುದು, ರೂಲಿಂಗ್ ಕೊಡುವುದು. ಕೋರ್ಟಿನ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುತ್ತದೆ. ಆದರೆ ಒಳಗಿನ ಲೆಕ್ಕ ಬೇರೆ. ಸುಪ್ರೀಂ ಕೋರ್ಟಿನ ನ್ಯಾಯಾಧೀಶರನ್ನು ತೆಗೆಯಬೇಕಾದರೆ ದುರ್ನಡತೆ ಅಥವಾ ಅಸಾಮರ್ಥ್ಯ ಸಾಬೀತಾಗಬೇಕು, ಎರಡೂ ಸದನಗಳಲ್ಲಿ ವಿಶೇಷ ಬಹುಮತ ಬೇಕು. ಸ್ಪೀಕರನ್ನು ತೆಗೆಯಲು 14 ದಿನದ ನೋಟಿಸು, ಸದನದ ಅಂದಿನ ಒಟ್ಟು ಸದಸ್ಯರ ಬಹುಮತ, ಅಷ್ಟು ಸಾಕು. ಕಾರಣ ಸಾಬೀತು ಮಾಡುವ ಗೋಜಿಲ್ಲ. ನ್ಯಾಯಾಧೀಶ ತನ್ನ ಮುಂದಿರುವ ಒಂದು ವ್ಯಾಜ್ಯಕ್ಕೆ ಕಾರಣ ಬರೆದು ಉತ್ತರ ಹೇಳುತ್ತಾನೆ. ಸದನ ಕೈಯೆತ್ತಿಸಿ ಎಣಿಸುತ್ತದೆ, ಕಾರಣ ಬರೆಯಬೇಕಾಗಿಲ್ಲ.

ಈ ವ್ಯತ್ಯಾಸ ಕಣ್ಣಿಗೆ ಹೊಡೆದದ್ದು 1978ರ ಡಿಸೆಂಬರ್‌ನಲ್ಲಿ. ಇಂದಿರಾ ಗಾಂಧಿ ನವೆಂಬರ್‌ನಲ್ಲಷ್ಟೇ ಚಿಕ್ಕಮಗಳೂರಿನಿಂದ ಗೆದ್ದು ಲೋಕಸಭೆಗೆ ಬಂದಿದ್ದರು. ಅವರ ಮೇಲೆ ಹಕ್ಕುಚ್ಯುತಿಯ, ಅಂದರೆ ಸದನದ ಹಕ್ಕಿಗೆ ಧಕ್ಕೆ ತಂದ ಆರೋಪ ಇತ್ತು. ತುರ್ತು ಪರಿಸ್ಥಿತಿಗೂ ಮೊದಲು ಮಗ ಸಂಜಯ್ ಗಾಂಧಿಯ ಮಾರುತಿ ಕಂಪನಿಯ ಬಗ್ಗೆ ಸಂಸತ್ತಿನಲ್ಲಿ ಕೇಳಿದ ಪ್ರಶ್ನೆಗೆ ಮಾಹಿತಿ ಕೂಡಿಸುತ್ತಿದ್ದ ಅಧಿಕಾರಿಗಳಿಗೆ ಪ್ರಧಾನಿಯಾಗಿದ್ದಾಗ ಅಡ್ಡಿ, ಕಿರುಕುಳ ಮಾಡಿದರು ಎಂಬುದು. ಹಕ್ಕುಬಾಧ್ಯತಾ ಸಮಿತಿ ತಪ್ಪು ಎಂದಿತು. ಡಿಸೆಂಬರ್ 19ರಂದು ಸದನ ಮತಕ್ಕೆ ಹಾಕಿ ಅವರನ್ನು ಸದಸ್ಯತ್ವದಿಂದ ತೆಗೆಯಿತು, ಅಧಿವೇಶನ ಮುಗಿಯುವವರೆಗೆ ಜೈಲಿಗೂ ಕಳಿಸಿತು. ಪೀಠದಲ್ಲಿ ಇದ್ದ ಸ್ಪೀಕರ್ ಯಾರು? ಐದು ವರ್ಷದ ಹಿಂದೆ ಅದೇ ಪ್ರಧಾನಿಯ ಸರ್ಕಾರ ದಾಟಿಹೋಗಿದ್ದ ನ್ಯಾಯಮೂರ್ತಿ.

ಈಗ ಕ್ರೈಪಕ್ ತೀರ್ಪನ್ನು ನೆನಪು ಮಾಡಿಕೊಳ್ಳಿ. ಪಕ್ಷಪಾತ ನಡೆದಿದೆ ಎಂದು ತೋರಿಸಬೇಕಿಲ್ಲ, ನಡೆಯುವ ಸಾಧ್ಯತೆ ಕಂಡರೆ ಸಾಕು. ಆ ಅಳತೆಗೋಲು ಹಿಡಿದರೆ, ಇದೇ ವಿಚಾರಣೆ ಕೋರ್ಟಿನಲ್ಲಿ ನಡೆದಿದ್ದರೆ ಹೆಗ್ಡೆಯವರು ಆ ಪೀಠದಲ್ಲಿ ಕೂರುತ್ತಿರಲಿಲ್ಲ, ಕೂರಬಾರದಿತ್ತು. ಹೆಗ್ಡೆಯವರಷ್ಟೇ ಅಲ್ಲ. ಮತ ಹಾಕಿದವರಲ್ಲಿ ಎಷ್ಟೋ ಮಂದಿ ತುರ್ತು ಪರಿಸ್ಥಿತಿಯಲ್ಲಿ ಇಂದಿರಾ ಅವರಿಂದಲೇ ಜೈಲು ಸೇರಿದ್ದವರು. ಕೋರ್ಟಿನ ನಿಯಮದಲ್ಲಿ ಅವರಲ್ಲಿ ಒಬ್ಬರೂ ತೀರ್ಪುಗಾರರಾಗುವಂತಿರಲಿಲ್ಲ.

ಹೆಗ್ಡೆಯವರ ಪರವಾಗಿ ಹೇಳಬೇಕಾದದ್ದೂ ಇದೆ. ತನಿಖೆ ಮಾಡಿದ್ದು ಸಮಿತಿ, ಶಿಕ್ಷೆ ಕೊಟ್ಟದ್ದು ಸದನ. 100ನೇ ವಿಧಿಯ ಪ್ರಕಾರ ಎರಡೂ ಕಡೆ ಮತ ಸಮ ಆದರಷ್ಟೇ ಸ್ಪೀಕರ್ ಮತ ಹಾಕುತ್ತಾರೆ. ಆದರೂ ನನ್ನ ಮಟ್ಟಿಗೆ ಈ ಘಟನೆ ಒಂದು ವಿಷಯ ತೋರಿಸುತ್ತದೆ. ನ್ಯಾಯಮೂರ್ತಿ ಸಂಸತ್ತಿಗೆ ಬಂದರೆ ಸಂಸತ್ತೇನೂ ಕೋರ್ಟಾಗುವುದಿಲ್ಲ. ಬಂದವರು ಎಷ್ಟೇ ದೊಡ್ಡವರಾದರೂ ಆ ಮನೆಯ ನಿಯಮದಲ್ಲೇ ನಡೆಯಬೇಕು, ಆ ಮನೆಯ ನಿಯಮ ಬಹುಮತ. 1981ರ ಮೇ ತಿಂಗಳಲ್ಲಿ ಇಂದಿರಾ ಮತ್ತೆ ಪ್ರಧಾನಿಯಾಗಿದ್ದಾಗ ಹೊಸ ಲೋಕಸಭೆ ಆ ನಿರ್ಣಯವನ್ನು ಹಿಂತೆಗೆದುಕೊಂಡಿತು. ಅದೂ ಬಹುಮತದಿಂದಲೇ.

ಅದೇ ಅವಧಿಯಲ್ಲಿ ಇನ್ನೊಂದು ಕೆಲಸವೂ ಆಯಿತು. ಸಂವಿಧಾನದ 44ನೇ ತಿದ್ದುಪಡಿ 1978ರಲ್ಲಿ ಹೆಗ್ಡೆಯವರು ಸ್ಪೀಕರ್ ಆಗಿದ್ದಾಗಲೇ ಲೋಕಸಭೆಯಲ್ಲಿ ಪಾಸಾಯಿತು. ತುರ್ತು ಪರಿಸ್ಥಿತಿಯಲ್ಲೂ ಜೀವದ ಹಕ್ಕನ್ನು ತಡೆಹಿಡಿಯುವಂತಿಲ್ಲ ಎಂದು ಅದು ಬರೆಯಿತು. ಜೊತೆಗೆ ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆದುಹಾಕಿತು. ಬ್ಯಾಂಕ್ ಪ್ರಕರಣದಿಂದ ಕೇಶವಾನಂದದವರೆಗೆ ಕೋರ್ಟು, ಸರ್ಕಾರ ಹೊಡೆದಾಡಿದ್ದು ಬಹುಪಾಲು ಆ ಹಕ್ಕಿನ ಸುತ್ತಲೇ.

ಇನ್ನು ಬೇರೆಯವರ ದಾರಿ ನೋಡಿ. ಬಹರುಲ್ ಇಸ್ಲಾಂ ಕಾಂಗ್ರೆಸ್ಸಿನ ರಾಜ್ಯಸಭಾ ಸದಸ್ಯರಾಗಿದ್ದು ಗೌಹಾಟಿ ಹೈಕೋರ್ಟಿಗೆ ಹೋದರು, 1980ರಲ್ಲಿ ಸುಪ್ರೀಂ ಕೋರ್ಟಿಗೆ ಬಂದರು. 1983ರಲ್ಲಿ ನಿವೃತ್ತಿಗೆ ಕೆಲವೇ ವಾರ ಇರುವಾಗ ರಾಜೀನಾಮೆ ಕೊಟ್ಟು, ಅದೇ ವರ್ಷ ಮತ್ತೆ ಕಾಂಗ್ರೆಸ್ಸಿನಿಂದ ರಾಜ್ಯಸಭೆಗೆ ಹೋದರು. ಮುಖ್ಯ ನ್ಯಾಯಮೂರ್ತಿಯಾಗಿದ್ದ ರಂಗನಾಥ ಮಿಶ್ರ 1991ರಲ್ಲಿ ನಿವೃತ್ತರಾಗಿ 1998ರಲ್ಲಿ ಕಾಂಗ್ರೆಸ್ ಟಿಕೆಟ್ಟಿನಲ್ಲಿ ರಾಜ್ಯಸಭೆ ಸೇರಿದರು. ನಮ್ಮ ತೀರ್ಥಹಳ್ಳಿ ಸೀಮೆಯ ಎಂ. ರಾಮಾ ಜೋಯಿಸ್ ಹೈಕೋರ್ಟು ಬಿಟ್ಟು ಬಹಳ ವರ್ಷದ ಮೇಲೆ, ರಾಜ್ಯಪಾಲರೂ ಆಗಿ, 2008ರಲ್ಲಿ ಬಿಜೆಪಿಯಿಂದ ರಾಜ್ಯಸಭೆಗೆ ಬಂದರು. ಮುಖ್ಯ ನ್ಯಾಯಮೂರ್ತಿಯಾಗಿದ್ದ ರಂಜನ್ ಗೊಗೊಯ್ 2019ರ ನವೆಂಬರ್‌ನಲ್ಲಿ ನಿವೃತ್ತಿ, 2020ರ ಮಾರ್ಚ್‌ನಲ್ಲಿ ರಾಜ್ಯಸಭೆಗೆ ನಾಮನಿರ್ದೇಶನ. ನಾಮನಿರ್ದೇಶನದ 12 ಸ್ಥಾನಗಳು ಸಾಹಿತ್ಯ, ವಿಜ್ಞಾನ, ಕಲೆ, ಸಮಾಜ ಸೇವೆಯಲ್ಲಿ ಪರಿಣತರಿಗೆ ಎನ್ನುತ್ತದೆ 80ನೇ ವಿಧಿ. ಕಾನೂನು ಆ ಪಟ್ಟಿಯಲ್ಲಿ ಇಲ್ಲ. ಕಲ್ಕತ್ತಾ ಹೈಕೋರ್ಟಿನ ಅಭಿಜಿತ್ ಗಂಗೋಪಾಧ್ಯಾಯ 2024ರ ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟು, ಕೆಲವೇ ದಿನದಲ್ಲಿ ಬಿಜೆಪಿ ಸೇರಿ, ಜೂನ್‌ನಲ್ಲಿ ತಮ್ಲುಕ್‌ನಿಂದ ಗೆದ್ದರು.

ಇವರನ್ನೆಲ್ಲ ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ. ನಾನು ಎರಡು ವಿಷಯ ನೋಡುತ್ತೇನೆ. ಬಾಗಿಲು ತೆಗೆದದ್ದು ಯಾರು? ಮತದಾರರೋ, ಆ ನ್ಯಾಯಾಧೀಶರ ಮುಂದೆ ಕಕ್ಷಿದಾರನಾಗಿ ನಿಂತಿದ್ದ ಸರ್ಕಾರವೋ? ಎರಡನೆಯದು, ಕೊನೆಯ ತೀರ್ಪಿಗೂ ಮೊದಲ ಪ್ರಮಾಣವಚನಕ್ಕೂ ನಡುವೆ ಎಷ್ಟು ಕಾಲ? ಮತದಾರರೇ ಗೆಲ್ಲಿಸಿದ್ದಾರೆ ಎಂಬುದೊಂದೇ ಸಾಲದು. ನಿನ್ನೆ ಪೀಠದಲ್ಲಿದ್ದವರು ಇವತ್ತು ಪಕ್ಷದ ವೇದಿಕೆಯಲ್ಲಿ ನಿಂತರೆ, ಮೊನ್ನೆಯ ತೀರ್ಪುಗಳನ್ನು ಜನ ಮತ್ತೆ ಬಿಚ್ಚಿ ಓದುತ್ತಾರೆ. ಸೋತ ಕಕ್ಷಿದಾರನಿಗಂತೂ ಅನುಮಾನ ಹೋಗುವುದೇ ಇಲ್ಲ. ಅವನ ಅನುಮಾನ ಸುಳ್ಳೇ ಇರಬಹುದು. ಆದರೆ ಕ್ರೈಪಕ್ ನಿಯಮ ಇರುವುದೇ ಅಂಥ ಅನುಮಾನಕ್ಕೆ ಜಾಗ ಇರಬಾರದು ಅಂತ.

ಮುಖ್ಯ ನ್ಯಾಯಮೂರ್ತಿಯಾಗಿದ್ದ ಆರ್.ಎಂ. ಲೋಧಾ 2014ರಲ್ಲಿ ಎರಡು ವರ್ಷದ ಅಂತರ ಇರಲಿ ಎಂದು ಸಲಹೆ ಕೊಟ್ಟಿದ್ದರು. ನ್ಯಾಯಾಧೀಶರು ಸಂಸದರಾಗುವುದಕ್ಕೆ ಇಂಥ ನಿಯಮ ತರಬೇಕಾದರೆ ಸಂವಿಧಾನ ತಿದ್ದುವಷ್ಟು ದೂರ ಹೋಗಬೇಕಿಲ್ಲ. ಸಂಸತ್ತು ಸಾಮಾನ್ಯ ಕಾನೂನಿನ ಮೂಲಕ ಹೊಸ ಅನರ್ಹತೆಗಳನ್ನು ಸೇರಿಸಬಹುದು ಎಂದು 102ನೇ ವಿಧಿಯೇ ಹೇಳುತ್ತದೆ. 1951ರ ಜನಪ್ರತಿನಿಧಿ ಕಾಯ್ದೆಯಲ್ಲಿ ಅಂಥ ಕೆಲವು ಈಗಾಗಲೇ ಇವೆ. ಭ್ರಷ್ಟಾಚಾರಕ್ಕಾಗಿ ವಜಾ ಆದ ಸರ್ಕಾರಿ ನೌಕರರು 5 ವರ್ಷ ನಿಲ್ಲುವಂತಿಲ್ಲ ಎಂಬುದು ಅದರಲ್ಲೊಂದು. ಅದರ ಪಕ್ಕದಲ್ಲೇ ಇನ್ನೊಂದು ಸೆಕ್ಷನ್ ಸೇರಿಸಿದರೆ ಆಯಿತು. ಎರಡು ವರ್ಷದ ಅಂತರ ಅಂತಿದ್ದರೆ ಇಸ್ಲಾಂ, ಗೊಗೊಯ್, ಗಂಗೋಪಾಧ್ಯಾಯ ಮೂವರೂ ಕಾಯಬೇಕಾಗುತ್ತಿತ್ತು. ಮಿಶ್ರ, ಜೋಯಿಸ್ ಇಬ್ಬರಿಗೂ ತೊಂದರೆ ಇರುತ್ತಿರಲಿಲ್ಲ. ಹೆಗ್ಡೆಯವರಿಗೂ ಅಷ್ಟೆ. 1973ರ ಏಪ್ರಿಲ್‌ನಲ್ಲಿ ಕೋರ್ಟು ಬಿಟ್ಟವರು 1977ರ ಮಾರ್ಚ್‌ನಲ್ಲಿ ಗೆದ್ದರು, ನಡುವೆ ಹತ್ತಿರ ಹತ್ತಿರ ನಾಲ್ಕು ವರ್ಷ.